ಎರಡು ನಾಣ್ಯಗಳ ಜೂಜು

ಭೌತಶಾಸ್ತ್ರದ ತರಗತಿಯಲ್ಲಿ ಶಕ್ತಿಯ ನಿತ್ಯತ್ವವನ್ನು ಬೋಧಿಸುವ ವಾರದಲ್ಲಿ ಒಂದು ಘಟನೆ ಪ್ರತಿವರ್ಷವೂ ತಪ್ಪದೆ ನಡೆಯುತ್ತದೆ. ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು, ಸಾಮಾನ್ಯವಾಗಿ ತರಗತಿಯ ಜಾಣರಲ್ಲಿ ಒಬ್ಬನು, ಕೈಯಲ್ಲಿ ಹಾಳೆಯೊಂದನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾನೆ. ಅದರಲ್ಲಿ ಒಂದು ಚಕ್ರದ ಚಿತ್ರವಿರುತ್ತದೆ. ಚಕ್ರದ ಅಂಚಿನಲ್ಲಿ ಗುಂಡುಗಳು, ಒಂದೆರಡು ಸನ್ನೆಗಳು, ಕೆಲವೊಮ್ಮೆ ಅಯಸ್ಕಾಂತಗಳು. ಒಮ್ಮೆ ತಳ್ಳಿಬಿಟ್ಟರೆ ಇದು ಎಂದೆಂದಿಗೂ ತಿರುಗುತ್ತಲೇ ಇರುವುದೆಂದು ಅವನ ವಾದ. ಇಂಥ ಚಿತ್ರವನ್ನು ಪರೀಕ್ಷಿಸುವಾಗ ನಾವು ಒಂದೊಂದು ಸನ್ನೆಯನ್ನೂ ಹಿಂಬಾಲಿಸಿ ಹೋಗುವುದಿಲ್ಲ. ಹಾಗೆ ಹೋದರೆ ದಾರಿ ತಪ್ಪುವ ಸಂಭವವೇ ಹೆಚ್ಚು. ಯಂತ್ರದ ಸುತ್ತಲೂ ಒಂದು ಕಾಲ್ಪನಿಕ ಗೆರೆಯನ್ನೆಳೆದು, ಆ ಗೆರೆಯನ್ನು ದಾಟಿ ಒಳಗೆ ಹೋಗುವ ಶಕ್ತಿ ಎಷ್ಟು, ಹೊರಗೆ ಬರುವ ಶಕ್ತಿ ಎಷ್ಟು ಎಂಬುದನ್ನು ಮಾತ್ರ ಲೆಕ್ಕ ಹಾಕುತ್ತೇವೆ. ಒಳಗಿನ ತೊಡಕು ಎಷ್ಟಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಈಚೆಗೆ ಇಂಥದೇ ಒಂದು ಯಂತ್ರದ ವಿವರ ಬೇರೊಂದು ದಿಕ್ಕಿನಿಂದ ನಮ್ಮ ಕೈಸೇರಿತು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಈಗ ಅಮೆರಿಕ ಸಂಯುಕ್ತ ಸಂಸ್ಥಾನಗಳ ನ್ಯೂ ಜರ್ಸಿ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಜೊತೆಯಲ್ಲಿ ಮನೆ ಹಂಚಿಕೊಂಡಿರುವ ಗೆಳೆಯರು ಅಂತರಜಾಲದ 'ಸ್ವೀಪ್‌ಸ್ಟೇಕ್ಸ್ ಕ್ಯಾಸಿನೊ' ಒಂದರಲ್ಲಿ ಆಡುತ್ತಿದ್ದರಂತೆ. ಮೊದಲ ರಾತ್ರಿ ಗೆದ್ದರು. ತಿಂಗಳ ಕೊನೆಗೆ ಬಾಡಿಗೆಯ ತಮ್ಮ ಪಾಲನ್ನು ಕೊಡಲಾರದೆ ಹೋದರು. ಅಷ್ಟರಲ್ಲಿ ರಾಜ್ಯ ಸರ್ಕಾರ ಆ ಆಟವನ್ನೇ ನಿಷೇಧಿಸಿತು. ನಮ್ಮ ವಿದ್ಯಾರ್ಥಿಗೆ ಬಾಡಿಗೆಗಿಂತ ಹೆಚ್ಚಾಗಿ ಕಾಡಿದ್ದು ತರ್ಕದ ಒಂದು ಪ್ರಶ್ನೆ. ಅವರು ಬರೆಯುತ್ತಾರೆ: "ಆಡಲು ಏನನ್ನೂ ಕೊಳ್ಳಬೇಕಾಗಿಲ್ಲವೆಂದು ಆ ತಾಣದಲ್ಲಿ ದಪ್ಪಕ್ಷರಗಳಲ್ಲಿ ಮುದ್ರಿಸಿದ್ದಾರೆ, ಸರ್. ಉಚಿತವಾದದ್ದು ಜೂಜು ಹೇಗಾಗುತ್ತದೆ? ಉಚಿತವಾದದ್ದನ್ನು ನಿಷೇಧಿಸುವುದು ಹೇಗೆ?" ಪ್ರಶ್ನೆ ಚೆನ್ನಾಗಿದೆ. ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದಾಗ ನಮಗೆ ಕಂಡುಬಂದ ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ.

ಮೂರು ಕಾಲಿನ ಪೀಠ

ಅಮೆರಿಕದಲ್ಲಿ ಜೂಜಿನ ನಿಯಂತ್ರಣ ಬಹುಮಟ್ಟಿಗೆ ಆಯಾ ರಾಜ್ಯಗಳಿಗೆ ಸೇರಿದ ವಿಷಯ. ನೆವಾಡಾದಲ್ಲಿ ಕ್ಯಾಸಿನೊಗಳೇ ಊರನ್ನು ಕಟ್ಟಿವೆ. ಯೂಟಾ ರಾಜ್ಯದಲ್ಲಿ ಲಾಟರಿಗೂ ಅವಕಾಶವಿಲ್ಲ. ಆದರೂ ಲಾಟರಿಯೆಂದರೇನು ಎಂಬ ಪ್ರಶ್ನೆಗೆ ಬಹುತೇಕ ರಾಜ್ಯಗಳ ನ್ಯಾಯಾಲಯಗಳು ಒಂದೇ ಬಗೆಯ ಉತ್ತರವನ್ನು ಕೊಡುತ್ತ ಬಂದಿವೆ. ಅದರಲ್ಲಿ ಮೂರು ಅಂಗಗಳಿರಬೇಕು: ಬಹುಮಾನ, ಆಕಸ್ಮಿಕತೆ, ಪ್ರತಿಫಲ. ಪ್ರತಿಫಲವೆಂದರೆ ಆಟಗಾರನು ಆಟದ ಅವಕಾಶಕ್ಕಾಗಿ ತೆರುವ ಬೆಲೆ. ಇದು ಮೂರು ಕಾಲಿನ ಪೀಠವಿದ್ದಂತೆ. ಒಂದು ಕಾಲನ್ನು ತೆಗೆದರೆ ಪೀಠ ನಿಲ್ಲುವುದಿಲ್ಲ, ಅಂದರೆ ಅದು ಲಾಟರಿ ಎನಿಸುವುದಿಲ್ಲ.

ವ್ಯಾಪಾರಿಗಳು ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಕಂಡುಕೊಂಡರು. ಸಾಬೂನಿನ ಅಥವಾ ತಂಪು ಪಾನೀಯದ ಕಂಪನಿಯೊಂದು ತನ್ನ ಸರಕನ್ನು ಕೊಂಡವರ ಹೆಸರುಗಳಲ್ಲಿ ಒಂದನ್ನು ಎತ್ತಿ ಮೋಟಾರು ಕಾರನ್ನು ಬಹುಮಾನವಾಗಿ ಕೊಡಬೇಕೆಂದರೆ ಅದು ಲಾಟರಿಯಾಗುವ ಭಯವಿದೆ. ಆದರೆ ಕೊಳ್ಳದೆಯೇ ಒಂದು ಕಾರ್ಡನ್ನು ಬರೆದು ಹಾಕಿದವರಿಗೂ ಅದೇ ಅವಕಾಶವನ್ನು ಕೊಟ್ಟರೆ ಪ್ರತಿಫಲವೆಂಬ ಕಾಲು ಕಳಚಿಹೋಗುತ್ತದೆ. ಇಂಥ ಪ್ರಚಾರ ಯೋಜನೆಗೆ ಅಲ್ಲಿ ಸ್ವೀಪ್‌ಸ್ಟೇಕ್ಸ್ ಎಂದು ಹೆಸರು. ಗೆದ್ದವನು ಎಲ್ಲರ ಪಣವನ್ನೂ ಗುಡಿಸಿಕೊಂಡು ಹೋಗುವ ಹಳೆಯ ಕುದುರೆಪಂದ್ಯದ ಮಾತು ಇದು. 1954ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ರೇಡಿಯೊ ಮತ್ತು ಟೆಲಿವಿಷನ್ನಿನ ಬಹುಮಾನ ಕಾರ್ಯಕ್ರಮಗಳ ಬಗ್ಗೆ ತೀರ್ಪು ಕೊಡುತ್ತ, ಶ್ರೋತೃವು ಮನೆಯಲ್ಲಿ ಕುಳಿತು ಕಾರ್ಯಕ್ರಮವನ್ನು ಕೇಳುವುದನ್ನು ಪ್ರತಿಫಲವೆಂದು ಎಣಿಸಲಾಗದೆಂದೂ, ಆದುದರಿಂದ ಅವು ಲಾಟರಿಗಳಲ್ಲವೆಂದೂ ಹೇಳಿತು. ತೀರ್ಪಿನಲ್ಲಿ ದೋಷವೇನೂ ನಮಗೆ ತೋರುವುದಿಲ್ಲ. ಸಾಬೂನಿನ ಕಂಪನಿಗೆ ಬೇಕಾದದ್ದು ಸಾಬೂನಿನ ಮಾರಾಟ. ಕಾರಿನ ಬಹುಮಾನ ಜಾಹೀರಾತಿನ ವೆಚ್ಚ.

ಆದರೆ ಸಾಬೂನೇ ಇಲ್ಲದೆ ಜಾಹೀರಾತು ಮಾತ್ರ ಉಳಿದರೆ? ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ 'ಸ್ವೀಪ್‌ಸ್ಟೇಕ್ಸ್ ಕೆಫೆ'ಗಳೆಂಬ ಅಂಗಡಿಗಳು ತೆರೆದುವು. ಅಲ್ಲಿ ಗಿರಾಕಿಯು ದೂರವಾಣಿಯ ಅಥವಾ ಅಂತರಜಾಲದ ಬಳಕೆಗೆಂದು ಸಮಯವನ್ನು ಕೊಳ್ಳುತ್ತಿದ್ದನು. ಅದರ ಜೊತೆಗೆ 'ಉಚಿತ'ವಾಗಿ ಬಹುಮಾನದ ಪ್ರವೇಶಗಳು ದೊರೆಯುತ್ತಿದ್ದುವು. ಆ ಪ್ರವೇಶಗಳ ಫಲಿತಾಂಶವನ್ನು ಗಣಕದ ಪರದೆಯ ಮೇಲೆ ಜೂಜುಯಂತ್ರದ ರೂಪದಲ್ಲಿ ತೋರಿಸಲಾಗುತ್ತಿತ್ತು. ಕೊಂಡ ದೂರವಾಣಿ ಸಮಯವನ್ನು ಗಿರಾಕಿಯು ಬಳಸಿದನೋ ಇಲ್ಲವೋ ಎಂದು ಕೇಳುವವರಿರಲಿಲ್ಲ. ಉತ್ತರ ಕ್ಯಾರೊಲಿನ ರಾಜ್ಯವು 2010ರಲ್ಲಿ ಇದನ್ನು ನಿಷೇಧಿಸಿತು. 2012ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಫ್ಲಾರಿಡಾ 2013ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಅಂಗಡಿಗಳು ಮುಚ್ಚಿದುವು, ಉಪಾಯ ಮಾತ್ರ ಉಳಿಯಿತು. ಮೊಬೈಲ್ ಫೋನು ಎಲ್ಲರ ಕೈಗೆ ಬಂದಾಗ ಅದಕ್ಕೆ ಅಂಗಡಿಯ ಅವಶ್ಯಕತೆಯೂ ಇಲ್ಲವಾಯಿತು. ಆಸ್ಟ್ರೇಲಿಯದ ಪರ್ತ್ ನಗರದ ಕಂಪನಿಯೊಂದು 2012ರಲ್ಲಿ ಆರಂಭಿಸಿದ 'ಚುಂಬಾ ಕ್ಯಾಸಿನೊ' ಈ ಹೊಸ ಪೀಳಿಗೆಯ ಮೊದಲಿಗರಲ್ಲಿ ಒಂದು.

ಚಿನ್ನದ ನಾಣ್ಯ, ಸ್ವೀಪ್ಸ್ ನಾಣ್ಯ

ಈಗ ಯಂತ್ರದ ಒಳಭಾಗವನ್ನು ನೋಡೋಣ. ಈ ತಾಣಗಳಲ್ಲಿ ಎರಡು ಬಗೆಯ ಕಾಲ್ಪನಿಕ ನಾಣ್ಯಗಳಿರುತ್ತವೆ. ಮೊದಲನೆಯದಕ್ಕೆ ಸಾಮಾನ್ಯವಾಗಿ ಚಿನ್ನದ ನಾಣ್ಯವೆಂದು ಹೆಸರು. ಇದನ್ನು ನಿಜವಾದ ಡಾಲರು ಕೊಟ್ಟು ಕೊಳ್ಳಬಹುದು, ಆದರೆ ಇದಕ್ಕೆ ಹೊರಗೆ ಯಾವ ಬೆಲೆಯೂ ಇಲ್ಲ. ಹತ್ತು ಲಕ್ಷ ಚಿನ್ನದ ನಾಣ್ಯಗಳನ್ನು ಗೆದ್ದರೂ ಒಂದು ಕಾಸು ಕೈಗೆ ಬಾರದು. ಎರಡನೆಯದು ಸ್ವೀಪ್ಸ್ ನಾಣ್ಯ. ಇದನ್ನು ಕೊಳ್ಳಲು ಬರುವುದಿಲ್ಲ. ಕಂಪನಿ ಉಡುಗೊರೆಯಾಗಿ ಕೊಡಬೇಕು. ಆದರೆ ಇದನ್ನು ಆಟದಲ್ಲಿ ಒಮ್ಮೆಯಾದರೂ ಒಡ್ಡಿ ಗೆದ್ದ ಮೇಲೆ, ಸಾಮಾನ್ಯವಾಗಿ ಒಂದು ನಾಣ್ಯಕ್ಕೆ ಒಂದು ಡಾಲರಿನಂತೆ, ಹಣವಾಗಿ ಪರಿವರ್ತಿಸಿಕೊಳ್ಳಬಹುದು.

ಈ ವಿಂಗಡಣೆಯ ಚಾತುರ್ಯವನ್ನು ವಾಚಕರು ಗಮನಿಸಬೇಕು. ಚಿನ್ನದ ನಾಣ್ಯದಿಂದ ಆಡಿದಾಗ ಪ್ರತಿಫಲವಿದೆ, ಆಕಸ್ಮಿಕತೆಯಿದೆ, ಬಹುಮಾನವಿಲ್ಲ. ಸ್ವೀಪ್ಸ್ ನಾಣ್ಯದಿಂದ ಆಡಿದಾಗ ಬಹುಮಾನವಿದೆ, ಆಕಸ್ಮಿಕತೆಯಿದೆ, ಪ್ರತಿಫಲವಿಲ್ಲ. ಎರಡು ಪೀಠಗಳಿಗೂ ಎರಡೆರಡೇ ಕಾಲು. ನ್ಯಾಯಾಧೀಶನು ಒಂದೊಂದನ್ನೇ ಪ್ರತ್ಯೇಕವಾಗಿ ಎತ್ತಿ ನೋಡಿದರೆ ಎರಡೂ ನಿರಪರಾಧಿಗಳೇ. ಆದರೆ ವ್ಯವಹಾರ ನಡೆಯುವ ಬಗೆ ಹೇಗೆಂದರೆ, ಹತ್ತು ಡಾಲರಿಗೆ ಚಿನ್ನದ ನಾಣ್ಯಗಳ ಒಂದು ಗಂಟನ್ನು ಕೊಂಡವರಿಗೆ ಅದರ ಜೊತೆಯಲ್ಲಿ ಸುಮಾರು ಹತ್ತು ಸ್ವೀಪ್ಸ್ ನಾಣ್ಯಗಳು 'ಉಡುಗೊರೆ'ಯಾಗಿ ಬರುತ್ತವೆ. ಕೊಳ್ಳಲು ಮನಸ್ಸಿಲ್ಲದವರಿಗೂ ದಾರಿಯಿದೆ: ನಿಗದಿಯಾದ ಒಕ್ಕಣೆಯನ್ನು ಕೈಬರಹದಲ್ಲಿ ಬರೆದು ಅಂಚೆಯಲ್ಲಿ ಕಳುಹಿಸಿದರೆ ಕೆಲವು ಸ್ವೀಪ್ಸ್ ನಾಣ್ಯಗಳನ್ನು ಖಾತೆಗೆ ಹಾಕುತ್ತಾರೆ. ಬೆರಳಿನ ಒಂದು ಸ್ಪರ್ಶಕ್ಕೆ ಕ್ಷಣಮಾತ್ರದಲ್ಲಿ ಕ್ಯಾಸಿನೊ ತೆರೆಯುವ ಈ ಕಾಲದಲ್ಲಿ ಪೆನ್ನು, ಲಕೋಟೆ, ಅಂಚೆಚೀಟಿಗಳ ಈ ಸೇವೆ ಏಕೆ ಉಳಿದಿದೆಯೆಂಬುದು ಈಗ ತಿಳಿಯುತ್ತದೆ. ಅದು ಆಟಗಾರನ ಅನುಕೂಲಕ್ಕಲ್ಲ, ಪೀಠದ ಮೂರನೆಯ ಕಾಲನ್ನು ಕಳಚಿ ಇಡುವುದಕ್ಕೆ.

ಈಗ ಗೆರೆಯನ್ನು ಎಳೆಯೋಣ. ಇಡೀ ಕಂಪನಿಯನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು, ಗೆರೆಯನ್ನು ದಾಟುವ ಡಾಲರುಗಳನ್ನು ಮಾತ್ರ ಎಣಿಸೋಣ. ಒಳಗೆ ಹೋಗುವ ಹಣ ನಾಣ್ಯದ ಗಂಟುಗಳ ಮಾರಾಟದಿಂದ ಬಂದದ್ದು. ಹೊರಗೆ ಬರುವ ಹಣ ಬಹುಮಾನಗಳು, ಜಾಹೀರಾತಿನ ಖರ್ಚು, ನೌಕರರ ಸಂಬಳ, ಕೊನೆಗೆ ಮಾಲೀಕರ ಲಾಭ. ಅಂಚೆಯ ಮೂಲಕ ಬಂದ ಆಟಗಾರನು ಒಳಬರುವ ಹಣಕ್ಕೆ ಏನನ್ನೂ ಸೇರಿಸುವುದಿಲ್ಲ. ಹೊರಹೋಗುವ ಹಣವನ್ನು ಮಾತ್ರ ಹೆಚ್ಚಿಸುತ್ತಾನೆ. ಎಲ್ಲರೂ ಅಂಚೆಯ ದಾರಿಯಲ್ಲೇ ಬಂದರೆಂದು ಭಾವಿಸಿ: ಪೆಟ್ಟಿಗೆ ಮೊದಲ ತಿಂಗಳಲ್ಲೇ ಬರಿದಾಗುತ್ತದೆ. ಆದುದರಿಂದ ಇಂಥ ಕಂಪನಿಯೊಂದು ವರ್ಷಾನುಗಟ್ಟಲೆ ಲಾಭದಲ್ಲಿ ನಡೆಯುತ್ತಿದೆಯೆಂಬ ಒಂದೇ ಸಂಗತಿಯಿಂದ, ಕೊಳ್ಳುವವರು ಕೊಟ್ಟ ಹಣ ಎಲ್ಲ ಬಹುಮಾನಗಳ ಮೊತ್ತಕ್ಕಿಂತ ಹೆಚ್ಚೆಂಬುದು ಸಿದ್ಧವಾಗುತ್ತದೆ. ಇದಕ್ಕೆ ಯಾವ ಗುಪ್ತ ಕಡತವನ್ನೂ ತೆರೆದು ನೋಡಬೇಕಾಗಿಲ್ಲ. ಸಾಬೂನಿನ ಕಂಪನಿಗೂ ಇದೇ ಲೆಕ್ಕ ಅನ್ವಯಿಸುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಅನ್ವಯಿಸುತ್ತದೆ, ಆದರೆ ಅಲ್ಲಿ ಗೆರೆಯನ್ನು ದಾಟಿ ಸಾಬೂನೂ ಹೊರಗೆ ಬರುತ್ತದೆ. ಬಹುಮಾನವನ್ನು ನಿಲ್ಲಿಸಿದರೂ ಜನ ಸ್ನಾನಕ್ಕೆ ಸಾಬೂನನ್ನು ಕೊಳ್ಳುತ್ತಾರೆ. ಸ್ವೀಪ್ಸ್ ನಾಣ್ಯದ ಉಡುಗೊರೆಯನ್ನು ನಿಲ್ಲಿಸಿದರೆ ಚಿನ್ನದ ನಾಣ್ಯದ ಗಂಟನ್ನು ಎಷ್ಟು ಜನ ಕೊಂಡಾರು? ವ್ಯತ್ಯಾಸವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ.

ಮೊದಲ ರಾತ್ರಿಯ ಗೆಲವು

ನಮ್ಮ ವಿದ್ಯಾರ್ಥಿಯ ಗೆಳೆಯರು ಮೊದಲ ರಾತ್ರಿ ಗೆದ್ದದ್ದು ಹೇಗೆ? ಹೊಸಬರನ್ನು ಸೆಳೆಯಲು ಯಂತ್ರವೇ ಗೆಲ್ಲಿಸಿತೆಂದು ಅವರು ಸಂಶಯಪಟ್ಟಿದ್ದಾರೆ. ಶಕುನಿಯ ದಾಳದ ಕಥೆಯನ್ನು ಕೇಳಿ ಬೆಳೆದ ನಮಗೆ ಇಂಥ ಸಂಶಯ ಸಹಜ. ಆದರೆ ದಾಳದಲ್ಲಿ ಮೋಸವಿರಬೇಕಾದ ಅಗತ್ಯವೇ ಇಲ್ಲವೆಂಬುದನ್ನು ಸಂಭವನೀಯತೆಯ ಗಣಿತ ತೋರಿಸುತ್ತದೆ.

ಲೆಕ್ಕಕ್ಕಾಗಿ ಅತ್ಯಂತ ಸರಳವಾದ ಒಂದು ಆಟವನ್ನು ಕಲ್ಪಿಸಿಕೊಳ್ಳೋಣ. ಪ್ರತಿಸಲವೂ ಪಣ ಒಂದು ಡಾಲರು. ಗೆದ್ದರೆ ಒಂದು ಡಾಲರು ಲಾಭ, ಸೋತರೆ ಒಂದು ಡಾಲರು ನಷ್ಟ. ಗೆಲ್ಲುವ ಸಂಭವ ನೂರಕ್ಕೆ 48, ಸೋಲುವ ಸಂಭವ ನೂರಕ್ಕೆ 52. ಅಂದರೆ ಒಡ್ಡಿದ ನೂರು ಡಾಲರಿನಲ್ಲಿ ಸರಾಸರಿ 96 ಡಾಲರು ಮರಳುತ್ತದೆ. ನೋಡಲು ಇದು ಉದಾರವಾದ ಆಟವೇ. ಈಗ ಎರಡು ರಾಶಿಗಳನ್ನು ಗಮನಿಸಬೇಕು. ಒಂದು, ಸರಾಸರಿ ನಷ್ಟ. ಇದು ಆಟಗಳ ಸಂಖ್ಯೆಗೆ ಅನುಪಾತವಾಗಿ ಬೆಳೆಯುತ್ತದೆ. ಇನ್ನೊಂದು, ಸರಾಸರಿಯಿಂದ ಆಚೀಚೆ ಆಗುವ ಏರಿಳಿತ. ಇದು ಆಟಗಳ ಸಂಖ್ಯೆಯ ವರ್ಗಮೂಲಕ್ಕೆ ಅನುಪಾತವಾಗಿ ಮಾತ್ರ ಬೆಳೆಯುತ್ತದೆ. ನೀರಿನಲ್ಲಿ ತೇಲುವ ಪರಾಗದ ಕಣ ಅಣುಗಳ ಹೊಡೆತಕ್ಕೆ ಸಿಕ್ಕಿ ಅಲೆದಾಡುವಾಗ ಅದು ಹೊರಟ ಸ್ಥಾನದಿಂದ ಎಷ್ಟು ದೂರ ಸರಿಯುವುದೆಂಬುದಕ್ಕೆ 1905ರಲ್ಲಿ ಐನ್‌ಸ್ಟೈನರು ಕಂಡುಕೊಂಡದ್ದೂ ಇದೇ ವರ್ಗಮೂಲದ ನಿಯಮವನ್ನು. ಹೊಳೆ ಹರಿಯುತ್ತಿದ್ದರೆ ಕಣ ಅಲೆದಾಡುತ್ತಲೇ ಕೆಳಗೆ ಸಾಗುತ್ತದೆ. ಸ್ವಲ್ಪ ಹೊತ್ತು ನೋಡಿದವರಿಗೆ ಅಲೆದಾಟ ಮಾತ್ರ ಕಾಣುತ್ತದೆ, ಬಹಳ ಹೊತ್ತು ನೋಡಿದವರಿಗೆ ಪ್ರವಾಹ ಮಾತ್ರ.

ನೂರು ಆಟಗಳ ಕೊನೆಯಲ್ಲಿ ಸರಾಸರಿ ನಷ್ಟ 4 ಡಾಲರು. ಏರಿಳಿತವಾದರೋ ಸುಮಾರು 10 ಡಾಲರು. ಏರಿಳಿತದ ಮುಂದೆ ನಷ್ಟ ಅಡಗಿಹೋಗಿದೆ. ಆದುದರಿಂದ ನೂರು ಆಟ ಆಡಿ ಎದ್ದವರಲ್ಲಿ ಹೆಚ್ಚುಕಡಮೆ ಮೂರರಲ್ಲಿ ಒಂದು ಪಾಲು ಜನ ಲಾಭದಲ್ಲಿರುತ್ತಾರೆ. ಮೊದಲ ರಾತ್ರಿಯ ಗೆಲವಿಗೆ ಇದಕ್ಕಿಂತ ಬೇರೆ ವಿವರಣೆ ಬೇಡ. 2,500 ಆಟಗಳಾದಾಗ ಸರಾಸರಿ ನಷ್ಟ 100 ಡಾಲರು, ಏರಿಳಿತ 50. ಲಾಭದಲ್ಲಿರುವವರು ನೂರಕ್ಕೆ ಇಬ್ಬರು ಮಾತ್ರ. ಹತ್ತು ಸಾವಿರ ಆಟಗಳಾದಾಗ ನಷ್ಟ 400 ಡಾಲರು, ಏರಿಳಿತ ಕೇವಲ 100. ಆಗ ಲಾಭದಲ್ಲಿ ಉಳಿದವರು ಲಕ್ಷಕ್ಕೆ ಸುಮಾರು ಮೂವರು. ಹತ್ತು ಸಾವಿರವೆಂದರೆ ಒಂದು ಆಯುಷ್ಯದ ಆಟವಲ್ಲವೇ ಎಂದು ತೋರಬಹುದು. ನಿಮಿಷಕ್ಕೆ ಹತ್ತು ಸಲ ಗುಂಡಿಯನ್ನೊತ್ತಿದರೆ ಹದಿನಾರು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಮಲಗುವ ಮುನ್ನ ಹಾಸಿಗೆಯಲ್ಲಿ ಆಡಿದರೆ ಹದಿನೇಳು ದಿನ. ಬಾಡಿಗೆ ಕೊಡುವ ದಿನಕ್ಕೆ ಮುಂಚೆಯೇ ಆಗಿಹೋಗುತ್ತದೆ.

ನಿಜವಾದ ಜೂಜುಯಂತ್ರದಲ್ಲಿ ಬಹುಮಾನಗಳು ಸಮವಾಗಿರುವುದಿಲ್ಲ. ಅನೇಕ ಸಣ್ಣ ಬಹುಮಾನಗಳೂ ಅತ್ಯಪೂರ್ವವಾದ ಒಂದು ದೊಡ್ಡ ಬಹುಮಾನವೂ ಇರುವುದರಿಂದ ಏರಿಳಿತ ಹೆಚ್ಚು; ಪ್ರವಾಹ ಕಣ್ಣಿಗೆ ಬೀಳಲು ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಪ್ರವಾಹದ ದಿಕ್ಕು ಮಾತ್ರ ಅದೇ. ಇಲ್ಲಿ ಇನ್ನೊಂದು ವಿಷಯವಿದೆ. ನಾವು ನೂರಕ್ಕೆ 96 ಎಂದು ಕಲ್ಪಿಸಿಕೊಂಡೆವು. ಪರವಾನಗಿ ಪಡೆದ ಕ್ಯಾಸಿನೊದಲ್ಲಿ ಯಂತ್ರದ ಯಾದೃಚ್ಛಿಕ ಸಂಖ್ಯೆಗಳನ್ನು ಸ್ವತಂತ್ರ ಪ್ರಯೋಗಶಾಲೆಗಳು ಪರೀಕ್ಷಿಸಬೇಕೆಂದು ರಾಜ್ಯದ ನಿಯಮವಿರುತ್ತದೆ. ಆಡುವುದನ್ನು ತಾನೇ ತಡೆದುಕೊಳ್ಳಬಯಸುವವನು ತನ್ನ ಹೆಸರನ್ನು ನಿಷೇಧದ ಪಟ್ಟಿಗೆ ಸೇರಿಸಿಕೊಳ್ಳಬಹುದು. ವಯಸ್ಸು ಸಾಮಾನ್ಯವಾಗಿ 21 ತುಂಬಿರಬೇಕು. ಸ್ವೀಪ್‌ಸ್ಟೇಕ್ಸ್ ತಾಣ ತಾನು ಕ್ಯಾಸಿನೊವೇ ಅಲ್ಲವೆಂದು ವಾದಿಸುವುದರಿಂದ ಈ ಯಾವ ನಿಯಮಕ್ಕೂ ಒಳಪಡುವುದಿಲ್ಲ. ಹಲವು ತಾಣಗಳಲ್ಲಿ 18 ವಯಸ್ಸಿನವರಿಗೇ ಪ್ರವೇಶವಿದೆ. ದೂರು ಕೊಡಬೇಕೆಂದರೆ ಕೊಡಬೇಕಾದದ್ದು ಅದೇ ಕಂಪನಿಗೆ.

ಶಾಸನಗಳ ವರ್ಷ

ಶಾಸನಸಭೆಗಳು ಈ ವಿಷಯವನ್ನು ಕೈಗೆತ್ತಿಕೊಳ್ಳುವುದಕ್ಕೆ ಮೊದಲು ನ್ಯಾಯಾಲಯವೊಂದು ದಾರಿಯನ್ನು ಸೂಚಿಸಿತ್ತು. ವಾಷಿಂಗ್ಟನ್ ರಾಜ್ಯಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ 2018ರಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಹಣವಾಗಿ ಪರಿವರ್ತಿಸಲಾಗದ ಕಾಲ್ಪನಿಕ ಬಿಲ್ಲೆಗಳು ಕೂಡ ಆ ರಾಜ್ಯದ ಕಾನೂನಿನ ಪ್ರಕಾರ 'ಬೆಲೆಯುಳ್ಳ ವಸ್ತು'ವೇ ಎಂದು ತೀರ್ಮಾನಿಸಿತು. ಏಕೆಂದರೆ ಅವು ಆಟವನ್ನು ಮುಂದುವರಿಸುವ ಹಕ್ಕನ್ನು ಕೊಡುತ್ತವೆ. ಆ ಆಟದ ಒಡೆಯರು 2020ರಲ್ಲಿ ಹದಿನೈದೂವರೆ ಕೋಟಿ ಡಾಲರು ಕೊಡಲು ಒಪ್ಪಿ ರಾಜಿ ಮಾಡಿಕೊಂಡರು.

ಶಾಸನಗಳು ಒಮ್ಮೆಲೇ ಬಂದದ್ದು 2025ರಲ್ಲಿ. ಮೇ ತಿಂಗಳಲ್ಲಿ ಮೊಂಟಾನ ರಾಜ್ಯದ ಗವರ್ನರು ಮೊದಲ ಅಂಕಿತವನ್ನು ಹಾಕಿದರು. ಆ ಶಾಸನದ ಮಾತು ಬಹಳ ವಿಶಾಲವಾದದ್ದು: ಯಾವುದೇ ರೂಪದ ಚಲಾವಣೆಯನ್ನು ಸ್ವೀಕರಿಸಿ ಯಾವುದೇ ರೂಪದಲ್ಲಿ ಹಣವನ್ನು ಪಾವತಿ ಮಾಡುವ ಅಂತರಜಾಲದ ಜೂಜು ಅದರ ವ್ಯಾಪ್ತಿಗೆ ಬರುತ್ತದೆ. ಜೂನಿನಲ್ಲಿ ಕನೆಕ್ಟಿಕಟ್, ಈ ಎರಡೂ ಅಕ್ಟೋಬರ್ 1ರಿಂದ ಜಾರಿಗೆ ಬಂದುವು. ಆಗಸ್ಟ್ 15ರಂದು ನ್ಯೂ ಜರ್ಸಿ. ಅಲ್ಲಿ ಮೊದಲ ಅಪರಾಧಕ್ಕೆ ಒಂದು ಲಕ್ಷ ಡಾಲರು, ಅನಂತರದವಕ್ಕೆ ಎರಡೂವರೆ ಲಕ್ಷ ಡಾಲರು ದಂಡ. ವಿನೋದವೆಂದರೆ, ಅದೇ ವರ್ಷದ ಆರಂಭದಲ್ಲಿ ಅದೇ ಶಾಸನಸಭೆಯಲ್ಲಿ ಈ ಕಂಪನಿಗಳಿಗೆ ಪರವಾನಗಿ ಕೊಟ್ಟು ತೆರಿಗೆ ವಿಧಿಸುವ ವಿಧೇಯಕವೊಂದು ಮಂಡಿತವಾಗಿತ್ತು. ನೆವಾಡಾ ಪರವಾನಗಿಯಿಲ್ಲದ ಜೂಜಿನ ಮೇಲಿನ ಶಿಕ್ಷೆಯನ್ನು ಬಿಗಿಗೊಳಿಸಿತು. ಲೂಯಿಸಿಯಾನದಲ್ಲಿ ಮಾತ್ರ ಶಾಸನಸಭೆ ಒಪ್ಪಿದ ವಿಧೇಯಕವನ್ನು ಗವರ್ನರು ತಳ್ಳಿಹಾಕಿದರು. ಜೂಜಿಗೆ ಒಲವು ತೋರಿ ಅಲ್ಲ. ಈಗಿರುವ ಕಾನೂನೇ ಸಾಕೆಂಬುದು ಅವರ ಕಾರಣ. ಅದರಂತೆ ಅಲ್ಲಿನ ನಿಯಂತ್ರಣ ಮಂಡಲಿ ನಲವತ್ತಕ್ಕೂ ಹೆಚ್ಚು ಸಂಸ್ಥೆಗಳಿಗೆ ನಿಲ್ಲಿಸುವ ಆಜ್ಞೆಯನ್ನು ಕಳುಹಿಸಿತು.

ಎಲ್ಲಕ್ಕಿಂತ ದೊಡ್ಡ ಪರಿಣಾಮವುಳ್ಳದ್ದು ಕ್ಯಾಲಿಫೋರ್ನಿಯದ ಶಾಸನ. ಅದು ಉಭಯ ಸದನಗಳಲ್ಲಿಯೂ ಒಂದು ವಿರೋಧ ಮತವೂ ಇಲ್ಲದೆ ಅಂಗೀಕೃತವಾಗಿ, ಅಕ್ಟೋಬರಿನಲ್ಲಿ ಅಂಕಿತ ಪಡೆದು, 2026ರ ಜನವರಿ 1ರಿಂದ ಜಾರಿಗೆ ಬಂದಿತು. ಅದರ ವೈಶಿಷ್ಟ್ಯವೇನೆಂದರೆ, ತಾಣವನ್ನು ನಡೆಸುವವನನ್ನಷ್ಟೇ ಅಲ್ಲದೆ, ತಿಳಿದೂ ತಿಳಿದೂ ಅವನಿಗೆ ನೆರವಾಗುವ ಹಣಪಾವತಿಯ ಸಂಸ್ಥೆ, ಆಟಗಳನ್ನು ತಯಾರಿಸಿಕೊಡುವವನು, ಆಟಗಾರನ ಸ್ಥಾನವನ್ನು ಗುರುತಿಸಿಕೊಡುವವನು, ಪ್ರಚಾರ ಮಾಡುವವನು, ಇವರನ್ನೆಲ್ಲ ಅದು ಹೊಣೆ ಮಾಡುತ್ತದೆ. ಡಿಸೆಂಬರಿನಲ್ಲಿ ನ್ಯೂಯಾರ್ಕ್ ಸೇರಿಕೊಂಡಿತು. ಅಲ್ಲಿನ ಅಟಾರ್ನಿ ಜನರಲ್ ಜೂನಿನಲ್ಲಿಯೇ 26 ತಾಣಗಳಿಗೆ ನಿಲ್ಲಿಸುವಂತೆ ಪತ್ರ ಬರೆದಿದ್ದರು. ನ್ಯೂಯಾರ್ಕಿನ ಶಾಸನ ನಿಷೇಧಿಸುವುದು, ಎರಡು ಚಲಾವಣೆಗಳ ಪದ್ಧತಿಯನ್ನು ಬಳಸುವ, ಆ ಚಲಾವಣೆಯನ್ನು ಬಹುಮಾನಕ್ಕೋ ಹಣಕ್ಕೋ ವಿನಿಮಯ ಮಾಡಿಕೊಳ್ಳಲು ಬಿಡುವ, ಕ್ಯಾಸಿನೊದ ಆಟವನ್ನು ಅನುಕರಿಸುವ ಅಂತರಜಾಲದ ಆಟವನ್ನು.

ಈ ವ್ಯಾಖ್ಯೆಯನ್ನು ಓದಿದಾಗ ನಮಗೆ ಆನಂದವಾಯಿತೆಂದು ಒಪ್ಪಿಕೊಳ್ಳಬೇಕು. ಪ್ರತಿಫಲವಿದೆಯೇ ಇಲ್ಲವೇ ಎಂಬ ಹಳೆಯ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಒಂದು ನಾಣ್ಯವನ್ನು ಎತ್ತಿ ನೋಡಿ, ಆಮೇಲೆ ಇನ್ನೊಂದನ್ನು ಎತ್ತಿ ನೋಡುವ ಬದಲು, ಎರಡೂ ನಾಣ್ಯಗಳನ್ನು ಒಳಗೊಳ್ಳುವಂತೆ ಗೆರೆಯನ್ನು ಎಳೆದಿದ್ದಾರೆ.

ಹಾಗೆಂದು ಶಾಸನಗಳ ಹಿಂದಿರುವ ಉದ್ದೇಶಗಳೆಲ್ಲ ಆಟಗಾರನ ಹಿತವೇ ಎಂದು ನಂಬುವಷ್ಟು ಸರಳತೆ ಬೇಡ. 2025ರ ಕೊನೆಯಲ್ಲಿ ಅಮೆರಿಕದ ಏಳು ರಾಜ್ಯಗಳಲ್ಲಿ ಅಂತರಜಾಲದ ಕ್ಯಾಸಿನೊ ಕಾನೂನುಬದ್ಧವಾಗಿಯೇ ನಡೆಯುತ್ತಿತ್ತು. ಅವುಗಳಲ್ಲಿ ನ್ಯೂ ಜರ್ಸಿ ಮತ್ತು ಕನೆಕ್ಟಿಕಟ್ ಎರಡೂ ಸೇರಿವೆ. ಪರವಾನಗಿಗೆ ಹಣ ತೆತ್ತು ತೆರಿಗೆ ಕಟ್ಟುವ ಕ್ಯಾಸಿನೊಗಳಿಗೆ ತೆರಿಗೆ ಕಟ್ಟದ ಪ್ರತಿಸ್ಪರ್ಧಿ ಬೇಡವಾಗಿತ್ತು. ಕ್ಯಾಲಿಫೋರ್ನಿಯದಲ್ಲಿ 2000ದಲ್ಲಿ ಮತದಾರರು ಒಪ್ಪಿದ ಸಂವಿಧಾನ ತಿದ್ದುಪಡಿಯ ಮೂಲಕ ಮೂಲನಿವಾಸಿ ಜನಾಂಗಗಳು ಪಡೆದ ಕ್ಯಾಸಿನೊ ಹಕ್ಕುಗಳನ್ನು ಕಾಪಾಡಿಕೊಳ್ಳುವ ಯತ್ನವೂ ಈ ಶಾಸನದ ಹಿಂದಿದೆ. ಆ ಜನಾಂಗಗಳಲ್ಲಿ ಕೆಲವು ಸಣ್ಣ ಪಂಗಡಗಳು ಇದನ್ನು ವಿರೋಧಿಸಿದ್ದೂ ಉಂಟು. ಇನ್ನು ನಲವತ್ತೈದು ರಾಜ್ಯಗಳು ತಾವೇ ಲಾಟರಿಯನ್ನು ನಡೆಸುತ್ತವೆ. ಲಾಟರಿಯಲ್ಲಿ ಗಿರಾಕಿಗೆ ಮರಳುವ ಪಾಲು ಜೂಜುಯಂತ್ರದಲ್ಲಿ ಮರಳುವುದಕ್ಕಿಂತ ಸಾಮಾನ್ಯವಾಗಿ ಬಹಳ ಕಡಮೆ. ತಮ್ಮನ್ನು ನಿಷೇಧಿಸುವ ಬದಲು ನಿಯಂತ್ರಿಸಿ ತೆರಿಗೆ ವಿಧಿಸಿರೆಂದು ಕಂಪನಿಗಳು ಕೇಳುತ್ತಿರುವುದನ್ನು ಕೇವಲ ಕುಯುಕ್ತಿಯೆಂದು ತಳ್ಳಿಹಾಕುವಂತಿಲ್ಲ. ಆದರೆ ನಿಯಂತ್ರಣವನ್ನು ಕೇಳುವವರು ಮೊದಲು ತಾವು ನಡೆಸುತ್ತಿರುವುದು ಜೂಜೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಗಡಿಯನ್ನು ದಾಟುವ ಪಣ

ಕಂಪನಿ ಪರ್ತಿನಲ್ಲಿ, ಅದರ ಗಣಕಗಳು ಮತ್ತೆಲ್ಲಿಯೋ, ಆಟಗಾರ ಮೊಂಟಾನದಲ್ಲಿ. ಆ ರಾಜ್ಯದ ಕಾನೂನು ಇದನ್ನು ಮುಟ್ಟುವುದು ಹೇಗೆ? ಆಟಗಾರನ ಸ್ಥಾನವನ್ನು ಅರಿಯುವುದು ಇಂದು ಕಷ್ಟವಲ್ಲ. ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳು ಬರಲು ಹಿಡಿದ ಕಾಲದಿಂದ ಫೋನು ತನ್ನ ಸ್ಥಾನವನ್ನು ಕೆಲವೇ ಮೀಟರುಗಳ ನಿಷ್ಕೃಷ್ಟತೆಯಿಂದ ಲೆಕ್ಕ ಹಾಕುತ್ತದೆ. ಸ್ಥಾನವನ್ನು ಗುರುತಿಸುವ ಸಂಸ್ಥೆಗಳನ್ನು ಕ್ಯಾಲಿಫೋರ್ನಿಯ ಹೆಸರಿಸಿ ಹೊಣೆ ಮಾಡಿರುವುದರ ಅರ್ಥ ಇದೇ. ಅಧಿಕಾರದ ಪ್ರಶ್ನೆ ಬೇರೆ, ಅದು ಹಳೆಯದು. ವಾಚಕರಿಗೆ ಆಶ್ಚರ್ಯವಾಗಬಹುದು, ಅದರ ಒಂದು ಪ್ರಸಿದ್ಧ ಉದಾಹರಣೆ ನಮ್ಮ ಬೆಂಗಳೂರಿನಿಂದಲೇ ಹೊರಟದ್ದು.

ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆಯು ಆರ್. ಎಂ. ಡಿ. ಸಿ. ಪದಬಂಧವೆಂಬ ಬಹುಮಾನ ಸ್ಪರ್ಧೆಯನ್ನು ನಡೆಸುತ್ತಿತ್ತು. ಪ್ರವೇಶ ಶುಲ್ಕವನ್ನು ಕಟ್ಟಿ ಪದಗಳನ್ನು ತುಂಬಿ ಕಳುಹಿಸಬೇಕು. ಪತ್ರಿಕೆ ಮೈಸೂರು ರಾಜ್ಯದ್ದಾದರೂ ಮುಂಬಯಿ ಪ್ರಾಂತದಲ್ಲಿ ಅದಕ್ಕೆ ಬಹಳ ಗಿರಾಕಿಗಳಿದ್ದರು. 1952ರಲ್ಲಿ ಮುಂಬಯಿ ಸರ್ಕಾರ ತನ್ನ 1948ರ ಶಾಸನವನ್ನು ತಿದ್ದಿ, ಹೊರಗೆ ಅಚ್ಚಾದ ಪತ್ರಿಕೆಗಳ ಸ್ಪರ್ಧೆಗಳಿಗೂ ಪರವಾನಗಿ ಮತ್ತು ತೆರಿಗೆಯನ್ನು ವಿಧಿಸಿತು. ಬೆಂಗಳೂರಿನ ಪತ್ರಿಕೆಯ ಮೇಲೆ ಮುಂಬಯಿಗೆ ಏನಧಿಕಾರ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1957ರ ತೀರ್ಪಿನಲ್ಲಿ ನ್ಯಾಯಾಲಯ, ಪ್ರವೇಶಪತ್ರಗಳು ಮುಂಬಯಿಯಲ್ಲಿ ತುಂಬಿ ಅಲ್ಲಿನ ಪ್ರತಿನಿಧಿಗಳ ಮೂಲಕವೇ ಸಂಗ್ರಹವಾಗುವುದರಿಂದ ಆ ರಾಜ್ಯಕ್ಕೆ ಸಾಕಷ್ಟು ಸಂಬಂಧವಿದೆಯೆಂದೂ, ಸ್ಪರ್ಧೆ ಜೂಜಿನ ಸ್ವರೂಪದ್ದೆಂದೂ, ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲವೆಂದೂ ಹೇಳಿತು. ಗೆರೆ ಎಳೆಯಬೇಕಾದದ್ದು ಅಚ್ಚುಕೂಟದ ಸುತ್ತಲಲ್ಲ, ಹಣ ಕೈಬಿಡುವ ಸ್ಥಳದಲ್ಲಿ. ಮೊಂಟಾನ, ಕ್ಯಾಲಿಫೋರ್ನಿಯಗಳು ಇಂದು ಮಾಡುತ್ತಿರುವುದೂ ಇದನ್ನೇ.

ಭಾರತದಲ್ಲಿ ಈಚಿನ ವಾದ ಬಹುಮಟ್ಟಿಗೆ ಬೇರೊಂದು ಕಾಲಿನ ಮೇಲೆ, ಅಂದರೆ ಆಟ ಕೌಶಲದ್ದೋ ಆಕಸ್ಮಿಕತೆಯದ್ದೋ ಎಂಬುದರ ಮೇಲೆ ನಡೆದಿದೆ. ಪಣಕ್ಕಿಟ್ಟ ಕೌಶಲದ ಆಟಗಳನ್ನೂ ನಿಷೇಧಿಸಿದ ಕರ್ನಾಟಕದ 2021ರ ತಿದ್ದುಪಡಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಶಾಸನ ಆ ಭೇದವನ್ನೇ ಬದಿಗಿಟ್ಟಿತು. ಆ ಶಾಸನದಲ್ಲಿ ಪಣವೆಂಬ ಮಾತಿಗೆ ಕೊಟ್ಟಿರುವ ಅರ್ಥ ಗಮನಾರ್ಹ: ಹಣ ಕೊಟ್ಟು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪಡೆದ ನಾಣ್ಯ, ಟೋಕನ್ ಮೊದಲಾದುವೆಲ್ಲ, ಅವಕ್ಕೆ ಏನೇ ಹೆಸರಿಟ್ಟರೂ, ಪಣವೇ. ಅದರ ಸಿಂಧುತ್ವವನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಸಿದ್ದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ 2025ರ ಸೆಪ್ಟೆಂಬರಿನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ಹಾಗಾದರೆ ನ್ಯೂಯಾರ್ಕಿನ ವ್ಯಾಖ್ಯೆ ಸಾಕೇ? ಎರಡು ಚಲಾವಣೆಗಳೆಂದು ಬರೆದಿರುವುದರಿಂದ, ನಾಳೆ ಒಂದೇ ಚಲಾವಣೆಯಿಂದಲೋ ಮೂರರಿಂದಲೋ ಇದೇ ಆಟವನ್ನು ಕಟ್ಟುವವರು ಹುಟ್ಟಬಹುದು. ಮೊಂಟಾನದ ಮಾತಿನಲ್ಲಿ ಆ ಬಿರುಕಿಲ್ಲ. ಆದರೆ ಅಷ್ಟು ವಿಶಾಲವಾದ ಬಲೆಯಲ್ಲಿ ಸಾಬೂನಿನ ಕಂಪನಿಯೂ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುವ ಹೊಣೆ ನ್ಯಾಯಾಧೀಶರ ಮೇಲೆ ಬೀಳುತ್ತದೆ. ಈ ಎರಡರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಬೇಕಾದರೆ ನಾವು ನ್ಯೂಯಾರ್ಕಿನದನ್ನೇ ಆರಿಸುತ್ತೇವೆ. ಬಿರುಕು ಕಂಡಾಗ ಶಾಸನವನ್ನು ತಿದ್ದಬಹುದು. ಅಸ್ಪಷ್ಟವಾದ ಕಾನೂನಿನಿಂದ ನಿರಪರಾಧಿಗೆ ಆದ ಶಿಕ್ಷೆಯನ್ನು ಹಿಂದಕ್ಕೆ ಪಡೆಯುವುದು ಕಷ್ಟ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗೆ ಬರೆದ ಉತ್ತರದಲ್ಲಿ ನಾವು ಸೇರಿಸಿದ ಒಂದು ಸಂಗತಿ. ನಿಷೇಧ ಬಂದ ಮೇಲೆ ಕೆಲವು ಕಂಪನಿಗಳು ಆ ರಾಜ್ಯಗಳಲ್ಲಿ ಸ್ವೀಪ್ಸ್ ನಾಣ್ಯಗಳನ್ನು ನಿಲ್ಲಿಸಿ, ಚಿನ್ನದ ನಾಣ್ಯದ ಆಟವನ್ನು ಮಾತ್ರ ಉಳಿಸಿಕೊಂಡುವು. ನಾವು ಮೇಲೆ ಕಲ್ಪಿಸಿಕೊಂಡ ಪ್ರಯೋಗವೇ ಇದು: ಅದೇ ಚಿತ್ರಗಳು, ಅದೇ ಶಬ್ದಗಳು, ಅದೇ ತಿರುಗುವ ಚಕ್ರಗಳು, ಬಹುಮಾನವೊಂದನ್ನು ಬಿಟ್ಟು ಉಳಿದುದೆಲ್ಲ ಹಾಗೆಯೇ ಇದೆ. ಗೆಳೆಯರು ಈಗಲೂ ಆ ನಾಣ್ಯದ ಗಂಟುಗಳನ್ನು ಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ ತಿಳಿಸುವಂತೆ ಕೇಳಿದ್ದೇವೆ.